ಬೇರೆಯವರ ಬೇನೆ ಹೇಳುತ್ತಿದ್ದವರು

ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದು ಅಂತಾರೆ. ಬದುಕಿದ್ದಾಗ ಆಡಲು ಬಿಟ್ಟಿದ್ದರೆ ಸತ್ತ ಮೇಲೆ ಆಡುವ ಗರಜು ನನಗೂ ಇರುತ್ತಿರಲಿಲ್ಲ.

ಹೋದ ವಾರ ಅತ್ತೆಯನ್ನು ನೋಡಿಕೊಂಡು ಬರಲು ಕುರುಗೋಡಿಗೆ ಹೋಗಿದ್ದೆ. ಬಸ್ಸಿನಿಂದ ಕಾಲು ಕೆಳಗಿಟ್ಟರೆ ಎದುರಿಗೇ ಅವರು. ಆಳೆತ್ತರದ ಫ್ಲೆಕ್ಸು. ಬಿಳಿ ಅಂಗಿ, ಹೆಗಲ ಮೇಲೆ ಮಡಚಿ ಹಾಕಿದ ಟವೆಲ್ಲು, ಎರಡೂ ಕೈ ಜೋಡಿಸಿದ ನಗುಮುಖ. ಕೆಳಗೆ ದಪ್ಪ ಅಕ್ಷರದಲ್ಲಿ ‘ರೋಗಿಗಳ ಆಪದ್ಬಾಂಧವ’ ಅಂತ ಬರೆಸಿದ್ದಾರೆ. ಓಣಿಗೆ ಹೋದರೆ ಪಕ್ಕದ ಮನೆಯವಳು ನಿಲ್ಲಿಸಿ ಕೇಳಿದಳು: ನಿಮ್ಮ ಮನೆಯವರು ಮಣ್ಣಿಗೂ ಬರಲಿಲ್ಲ, ನುಡಿನಮನಕ್ಕೂ ಬರಲಿಲ್ಲ, ಅಷ್ಟು ಹಚ್ಚಿಕೊಂಡಿದ್ದವರು ಹಿಂಗ್ಯಾಕೆ ಮಾಡಿದರು ಅಂತ. ಕೆಲಸ ಇತ್ತು ಅಂದೆ. ಕೆಲಸ ಏನೂ ಇರಲಿಲ್ಲ. ಮನೆಯಲ್ಲೇ ಕೂತು ಟಿವಿ ನೋಡುತ್ತಿದ್ದರು. ಯಾಕೆ ಹೋಗಲಿಲ್ಲ ಅನ್ನುವುದನ್ನು ಓಣಿಯಲ್ಲಿ ನಿಂತು ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಆ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ಅವರು, ಇವರು ಅಂತ ಮರ್ಯಾದೆ ಕೊಟ್ಟು ಬರೆಯುತ್ತಿದ್ದೇನೆಂದರೆ ಅದು ನಾಲಿಗೆಗೆ ಬಿದ್ದ ರೂಢಿ, ಅಷ್ಟೇ. ಗೌರವ ಅಂತ ಯಾರೂ ತಿಳಿಯಬೇಡಿ.

ತಹಶೀಲ್ದಾರರ ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಊರೆಲ್ಲ ಶಿರಸ್ತೇದಾರರು ಅಂತಲೇ ಕರೆಯುತ್ತಿತ್ತು. ನಮ್ಮ ಮನೆಯವರಿಗೆ ದೂರದ ನಂಟಿನಲ್ಲಿ ದೊಡ್ಡಪ್ಪ ಆಗಬೇಕು. ಮಾವ ಇಲ್ಲದ ಮನೆ ನಮ್ಮದು, ಹಾಗಾಗಿ ಹಿರಿಯರು ಅಂದರೆ ಇವರೇ. ನಾನು ‘ಮಾವಾರ’ ಅನ್ನುತ್ತಿದ್ದೆ, ಅವರು ನನಗೆ ‘ಯವ್ವಾ’ ಅನ್ನುತ್ತಿದ್ದರು. ಸಿರುಗುಪ್ಪದಿಂದ ಮದುವೆಯಾಗಿ ಬಂದ ಹೊಸದರಲ್ಲಿ, ಎಷ್ಟು ಮೆತ್ತಗೆ ಮಾತಾಡುತ್ತಾರಲ್ಲ, ಎಂಥ ದೊಡ್ಡ ಮನುಷ್ಯರು ಅಂತ ನಾನೂ ಸೆರಗು ಸರಿ ಮಾಡಿಕೊಂಡು ನಿಲ್ಲುತ್ತಿದ್ದೆ.

ನಮ್ಮ ಕಡೆ ದವಾಖಾನೆಗೆ ಒಬ್ಬರೇ ಹೋಗುವ ಪದ್ಧತಿ ಇಲ್ಲ. ಜೊತೆಗೆ ಮಾತಾಡಲು ಒಬ್ಬರು ಬೇಕು. ಬೇನೆ ಒಬ್ಬರದು, ಬಾಯಿ ಇನ್ನೊಬ್ಬರದು. ಡಾಕ್ಟರು ಕೇಳಿದ್ದಕ್ಕೆ ಉತ್ತರ ಕೊಡಲು ಓದಿದವರು, ಹಿರಿಯರು, ನಾಲ್ಕು ಭಾಷೆ ಬಲ್ಲವರು ಜೊತೆಗಿದ್ದರೆ ಚಲೋ ಅಂತ ಎಲ್ಲರ ನಂಬಿಕೆ. ಆ ಕೆಲಸಕ್ಕೆ ಇವರು ಹೇಳಿ ಮಾಡಿಸಿದಂತಿದ್ದರು. ಬಳ್ಳಾರಿಯಲ್ಲಿ ಯಾವ ಡಾಕ್ಟರು ಎಲ್ಲಿ ಕೂಡುತ್ತಾರೆ, ಯಾರ ಕಂಪೌಂಡರನ್ನು ಏನಂತ ಕರೆದರೆ ಚೀಟಿ ಮುಂದಕ್ಕೆ ಹೋಗುತ್ತದೆ, ಎಲ್ಲ ಗೊತ್ತು. ಆಂಧ್ರದ ಕಡೆಯ ಡಾಕ್ಟರಿದ್ದರೆ ತೆಲುಗು, ಔಷಧಿ ಅಂಗಡಿಯ ಸಾಹೇಬರ ಹತ್ತಿರ ಉರ್ದು, ನಡುನಡುವೆ ಇಂಗ್ಲಿಷು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುವವರು ಸಂಜೆ ಬಿಸಿಲು ಇಳಿದ ಮೇಲೆ ಬರುತ್ತಿದ್ದರು. ಯಾರಿಂದಲೂ ಒಂದು ಕಪ್ ಚಹಾ ಕುಡಿದವರಲ್ಲ. ಅದೇ ತೊಂದರೆಯಾಗಿದ್ದು. ಕಾಸು ಕೇಳುವವರಾಗಿದ್ದರೆ ಯಾರಾದರೂ ಒಂದು ದಿನ ಬೈದಾದರೂ ಬೈಯುತ್ತಿದ್ದರು. ಪುಕ್ಕಟೆ ಉಪಕಾರ ಮಾಡುವವರಿಗೆ ಎದುರು ಮಾತಾಡುವುದು ಹೇಗೆ?

ಡಾಕ್ಟರ ಕೋಣೆಯೊಳಗೆ ಅವರು ಹೋಗುವ ಚಂದ ನೋಡಬೇಕಿತ್ತು. ರೋಗಿ ಕೂಡುವ ಕುರ್ಚಿಯನ್ನು ಟವೆಲ್ಲಿನಿಂದ ಎರಡು ಸಲ ಝಾಡಿಸಿ ತಾವೇ ಕೂಡುತ್ತಿದ್ದರು. ರೋಗಿ ಪಕ್ಕಕ್ಕೆ ನಿಂತಿರಬೇಕು. ಗಂಟಲು ಸರಿ ಮಾಡಿಕೊಂಡು, ಮೊದಲು ಡಾಕ್ಟರ ಮನೆಮಂದಿಯ ಕ್ಷೇಮ ಕೇಳಿ, ಆಮೇಲೆ ವಿಷಯಕ್ಕೆ ಬರುವುದು. ಕೆಮ್ಮು, ಜ್ವರ, ಮೊಣಕಾಲು ನೋವು ಇದ್ದರೆ ಚಾಚೂ ತಪ್ಪದೆ ಹೇಳುತ್ತಿದ್ದರು, ಅದರಲ್ಲಿ ಸುಳ್ಳಿಲ್ಲ. ಆದರೆ ಬೇನೆ ಸೊಂಟದಿಂದ ಕೆಳಗೆ ಇಳಿಯಿತೋ, ಇವರ ಬಾಯಲ್ಲಿ ಅದು ಬೇರೆಯೇ ಆಗಿಬಿಡುತ್ತಿತ್ತು. ಉರಿ, ಕೀವು, ಗಂಟು, ಹುಣ್ಣು, ಗಂಡಸಿನ ಏಳದಿರುವಿಕೆ, ಎಲ್ಲದಕ್ಕೂ ಇವರ ಹತ್ತಿರ ಎರಡೇ ಹೆಸರು. ಒಂದು ಉಷ್ಣ, ಇನ್ನೊಂದು ನಿಶ್ಶಕ್ತಿ. ಆ ಅಂಗಕ್ಕೆ ‘ಆ ಕಡಿ’ ಅನ್ನುತ್ತಿದ್ದರು. ಆ ಕಡಿ ಸ್ವಲ್ಪ ಉಷ್ಣ ಆಗೇತ್ರಿ ಅಂದರೆ ಮುಗಿಯಿತು. ತೆಲುಗು ಡಾಕ್ಟರಾದರೆ ‘ವೇಡಿ ಚೇಸಿಂದಿ’ ಅನ್ನುವುದು. ಬಳ್ಳಾರಿ ಬಿಸಿಲಲ್ಲಿ ಉಷ್ಣ ಅಂದರೆ ಯಾರು ಅನುಮಾನ ಪಡುತ್ತಾರೆ? ಡಾಕ್ಟರೂ ತಲೆ ಆಡಿಸಿ ಬರೆದುಕೊಡುತ್ತಿದ್ದರು. ಹೊರಗೆ ಜನ ತುಂಬಿರುತ್ತಿದ್ದರು, ಅವರಿಗೂ ಬೇಗ ಮುಗಿದರೆ ಸಾಕು.

ಅವರಿಗೆ ಅದಕ್ಕೊಂದು ಸಿದ್ಧಾಂತವೂ ಇತ್ತು. ಡಾಕ್ಟರೂ ಮರ್ಯಾದಸ್ಥರು, ಅವರ ಮುಂದೆ ಹೊಲಸು ಮಾತಾಡಬಾರದು. ಬಾಯಿ ಬಿಟ್ಟರೆ ಬಣ್ಣಗೇಡು. ಮದ್ದು ಕೊಡುವುದು ದೇಹಕ್ಕೆ ತಾನೇ, ಎಲ್ಲಿ ಅಂತ ಮದ್ದಿಗೆ ಗೊತ್ತಾಗುತ್ತದೆ. ಈ ಕೊನೆಯ ಮಾತನ್ನು ನಮ್ಮ ಮನೆಯ ಪಡಸಾಲೆಯಲ್ಲೇ ಕೂತು ಆಡಿದ್ದರು. ಮದ್ದಿಗೆ ಗೊತ್ತಾಗುತ್ತದಂತೆ! ಆಗ ನಕ್ಕುಬಿಟ್ಟಿದ್ದೆ.

ನಮ್ಮ ಹಿಂದಿನ ಓಣಿಯಲ್ಲಿ ಕಲ್ಲಿನ ಕ್ವಾರಿಗೆ ಹೋಗುವ ಹುಡುಗನೊಬ್ಬನಿದ್ದ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ಹೆಂಡತಿ ನಡುವೆ ಏನೂ ಇಲ್ಲ ಅನ್ನುವುದು ಹೆಂಗಸರ ನಡುವೆ ಪಿಸುಪಿಸು ಆಯಿತು. ಶಿರಸ್ತೇದಾರರು ಅವನನ್ನು ಕರೆದುಕೊಂಡು ಹೋದರು. ಹುಡುಗನಿಗೆ ನಿಶ್ಶಕ್ತಿ ಅಂದರು, ಟಾನಿಕ್ಕಿನ ಬಾಟಲಿ ತಂದರು. ಹುಡುಗ ಬಾಟಲಿ ಮೇಲೆ ಬಾಟಲಿ ಕುಡಿದ. ಕೊನೆಗೆ ಹೆಣ್ಣಿನ ತಾಯಿ ಬಂದು ಮಗಳನ್ನು ಕರೆದೊಯ್ದಾಗ ಹಿರಿಯರ ನಡುವೆ ಕೂತು ಇವರು ಕೊಟ್ಟ ತೀರ್ಮಾನ ಏನು ಗೊತ್ತೇ? ಹುಡುಗಿಗೆ ಹೊಂದಿಕೊಂಡು ಹೋಗುವ ಗುಣ ಇಲ್ಲ ಅಂತ. ಹುಡುಗ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದ. ಆಮೇಲೆ ಕಾಲಿನ ಗಾಯ ಮಾಯದೇ ಹೋದಾಗ ಗೊತ್ತಾಯಿತು, ಅವನಿಗೆ ಸಕ್ಕರೆ ಕಾಯಿಲೆ ಬಹಳ ದಿನದಿಂದ ಇತ್ತು. ಹಾಸಿಗೆಯಲ್ಲಿ ಆಗದಿರುವುದೂ ಅದರದೇ ಗುರುತು ಅಂತ ಯಾವ ಡಾಕ್ಟರಾದರೂ ಹೇಳುತ್ತಿದ್ದರು, ಅವರಿಗೆ ಹಾಗೆ ಅಂತ ಹೇಳಿದ್ದರೆ. ಆ ಹುಡುಗಿ ಮಾತ್ರ ಗಂಡ ಬಿಟ್ಟವಳು ಅನ್ನಿಸಿಕೊಂಡು ತವರಲ್ಲಿ ಉಳಿದಳು.

ಇನ್ನೊಬ್ಬ ಲಾರಿ ಡ್ರೈವರು. ಉಚ್ಚೆಗೆ ಹೋದರೆ ಉರಿ, ಚಡ್ಡಿಗೆ ಕಲೆ. ಡಾಕ್ಟರು ಒಳ್ಳೆಯವರಿದ್ದರು, ಅವನನ್ನೇ ನೋಡಿ ಕೇಳಿದರಂತೆ: ಬೇರೆ ಹೆಂಗಸರ ಹತ್ತಿರ ಹೋಗುತ್ತೀಯಾ, ನಿರೋಧ್ ಹಾಕಿಕೊಳ್ಳುತ್ತೀಯಾ ಇಲ್ಲವಾ ಅಂತ. ಅವನು ಬಾಯಿ ತೆರೆಯುವ ಮುಂಚೆ ಕುರ್ಚಿಯಲ್ಲಿದ್ದ ಶಿರಸ್ತೇದಾರರಿಗೆ ಸಿಟ್ಟು ಬಂದಿತ್ತು. ‘ನಮ್ಮ ಹುಡುಗ ಅಂಥೋನು ಅಲ್ರಿ’ ಅಂದುಬಿಟ್ಟರು. ಅಂಥವನೋ ಇಂಥವನೋ, ಆ ಬೇನೆ ಅವನಿಂದ ಅವನ ಹೆಂಡತಿಗೆ ಬಂತು. ಅವಳು ಕಿಬ್ಬೊಟ್ಟೆ ಹಿಡಿದುಕೊಂಡು ನನ್ನ ಮುಂದೆ ಅತ್ತು ಹೇಳಿದ್ದರಿಂದ ಇಷ್ಟೆಲ್ಲ ನನಗೆ ತಿಳಿದದ್ದು. ಊರು ಮಾತ್ರ ಶಿರಸ್ತೇದಾರರು ಹುಡುಗನ ಮಾನ ಉಳಿಸಿದರು ಅಂತ ಕೊಂಡಾಡಿತು.

ಇನ್ನು ನಮ್ಮದು.

ನಮ್ಮ ಮನೆಯವರು ಆಗ ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಫಿಟ್ಟರು. ವಾರಕ್ಕೊಮ್ಮೆ ಕುರುಗೋಡಿಗೆ ಬರುತ್ತಿದ್ದರು. ಆ ಬೇಸಿಗೆಯಲ್ಲಿ ಬಂದಾಗ ನನ್ನ ಹತ್ತಿರ ಬರಲು ಹಿಂಜರಿಯತೊಡಗಿದರು. ಬೇರೆ ಯಾರಾದರೂ ಇದ್ದಾಳಾ ಅಂತ ಜಗಳ ತೆಗೆದೆ. ಆಗ ತೋರಿಸಿದರು. ಮುಂದಿನ ಚರ್ಮ ಬಿಗಿದುಕೊಂಡು ಹಿಂದೆ ಸರಿಯುತ್ತಿರಲಿಲ್ಲ, ಅಂಚಿನಲ್ಲಿ ಸೀಳಿತ್ತು. ಕೂಡಿದರೆ ರಕ್ತ ಬರುವಷ್ಟು ನೋವು, ಉಚ್ಚೆಗೆ ಹೋದರೂ ಉರಿ. ಗಂಡಸು ಕಣ್ಣೀರು ಹಾಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಡಾಕ್ಟರಿಗೆ ಎಲ್ಲ ಬಿಡಿಸಿ ಹೇಳಿ, ಯಾವಾಗ ನೋವಾಗುತ್ತದೆ, ಕೂಡಿದಾಗ ಏನಾಗುತ್ತದೆ, ಒಂದೂ ಮುಚ್ಚಿಡಬೇಡಿ ಅಂದೆ. ಹೂಂ ಅಂದರು. ಅಷ್ಟರಲ್ಲಿ ಅತ್ತೆಯ ಕಿವಿಗೆ ಬಿತ್ತು. ಅತ್ತೆ ಶಿರಸ್ತೇದಾರರಿಗೆ ಹೇಳಿದರು. ಮರುದಿನ ಬೆಳಿಗ್ಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನೂ ಬರುತ್ತೇನೆ ಅಂದೆ. ಗಂಡಸರ ದವಾಖಾನೆಗೆ ಹೆಣ್ಣುಮಕ್ಕಳು ಯಾಕವ್ವಾ ಅಂತ ನಕ್ಕರು.

ಗಾಂಧಿನಗರದ ಒಬ್ಬ ದೊಡ್ಡ ಡಾಕ್ಟರ ಹತ್ತಿರ ಹೋಗಿ ಬಂದರು. ಕೈಯಲ್ಲಿ ಒಂದು ಮುಲಾಮು, ನಾಲ್ಕು ಮಾತ್ರೆ, ಮೇಲೆ ಶಿರಸ್ತೇದಾರರ ಸ್ವಂತ ಸಲಹೆ: ಮಜ್ಜಿಗೆ ಕುಡಿಯುವುದು, ಕಾಮಕಸ್ತೂರಿ ಬೀಜ ನೆನೆಸಿ ತಿನ್ನುವುದು, ಮಿರ್ಚಿ ಮುಟ್ಟಬಾರದು. ಡಾಕ್ಟರು ನೋಡಿದರಾ ಅಂತ ಕೇಳಿದೆ. ನಾಡಿ ನೋಡಿದರು ಅಂದರು ನಮ್ಮ ಮನೆಯವರು. ನಾನು ತಲೆ ಚಚ್ಚಿಕೊಂಡೆ. ನೀವು ಹೇಳಬೇಕಿತ್ತು ಅಂದರೆ, ಹಿರಿಯರು ಮಾತಾಡುತ್ತಿರುವಾಗ ನಡುವೆ ಹೇಗೆ ಬಾಯಿ ಹಾಕಲಿ ಅಂದರು. ದೀಪಾವಳಿ ಮುಂದೆ ಇನ್ನೊಮ್ಮೆ ಕರೆದುಕೊಂಡು ಹೋದರು. ಈ ಬಾರಿ ಡಾಕ್ಟರು ಬಿಚ್ಚಿಸಿ ನೋಡಿದರು ಅಂದರು ನಮ್ಮ ಮನೆಯವರು, ಆದರೂ ಅದೇ ಮುಲಾಮು, ಅದೇ ಉಷ್ಣ. ನಾನು ಈ ಸಲ ಶಿರಸ್ತೇದಾರರನ್ನೇ ಅಂಗಳದಲ್ಲಿ ತಡೆದು, ಡಾಕ್ಟರು ಏನಂದರು ಮಾವಾರ ಅಂತ ಕೇಳಿದೆ. ಏನಿಲ್ಲವ್ವಾ, ನಿಧಾನಕ್ಕೆ ಹೋಗುತ್ತದೆ ಅಂದರು. ಕಣ್ಣು ತಪ್ಪಿಸಲೂ ಇಲ್ಲ, ಅಷ್ಟು ತಣ್ಣಗೆ ಹೇಳಿದರು.

ಯುಗಾದಿ ಹೊತ್ತಿಗೆ ಚರ್ಮದ ಒಳಗಿನಿಂದ ನೀರು ಒಸರತೊಡಗಿತು, ವಾಸನೆ ಬರತೊಡಗಿತು. ಒಳಗೆ ಗಟ್ಟಿಯಾಗಿ ಏನೋ ಕೈಗೆ ಹತ್ತುತ್ತಿತ್ತು. ಅತ್ತೆಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಅಣ್ಣನ ಮಗುವಿನ ಹೆಸರಿಡುವುದಿದೆ ಅಂತ ಸಿರುಗುಪ್ಪದ ನೆವ ಮಾಡಿ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಇನ್ನೂ ಮೀಸೆ ಸರಿಯಾಗಿ ಬಲಿಯದ ಡಾಕ್ಟರು. ನಾನು ಶುರು ಮಾಡಿದೆ, ಇವರಿಗೆ ಹಿಂಗಾಗೇತ್ರಿ ಅಂತ. ಅವರು ಕೈ ಎತ್ತಿ ನಿಲ್ಲಿಸಿದರು. ‘ಅಮ್ಮಾ, ನೀವು ಹೊರಗ ಇರ್ರಿ. ಬ್ಯಾನಿ ಅವರದು, ಅವರ ಹೇಳ್ಲಿ.’ ನನಗೆ ಮೈ ಉರಿಯಿತು. ಹೆಂಡತಿಗಿಂತ ಹೆಚ್ಚು ಗೊತ್ತೇನು ಅಂತ ಗೊಣಗಿಕೊಂಡೇ ಹೊರಗೆ ಬಂದೆ. ಬಾಗಿಲು ಹಾಕಿದರು. ನಮ್ಮ ಮನೆಯವರು ಬಹಳ ಹೊತ್ತು ಒಳಗಿದ್ದರು. ಮೊದಲು ಡಾಕ್ಟರ ದನಿಯೇ ಕೇಳುತ್ತಿತ್ತು. ಬರುಬರುತ್ತ ಇವರ ದನಿ ಶುರುವಾಯಿತು, ಆಮೇಲೆ ಇವರದೇ ದನಿ. ಮದುವೆಗೆ ಮುಂಚಿನದು, ಆಮೇಲಿನದು, ಯಾರ ಜೊತೆ, ಹೇಗೆ, ತೊಳೆದುಕೊಳ್ಳುವುದು ಹೇಗೆ, ಎಲ್ಲ ಕೇಳಿದರಂತೆ. ಒಳಗೆ ಏನೇನು ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೇಳಿಲ್ಲ. ಹೊರಗೆ ಬಂದಾಗ ಅವರ ಅಂಗಿ ಬೆವರಲ್ಲಿ ತೊಯ್ದಿತ್ತು, ಆದರೆ ಮುಖ ಮಾತ್ರ ಹಗುರಾಗಿತ್ತು.

ಹಗುರಾದದ್ದು ಅವತ್ತೊಂದು ದಿನವೇ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರು ಅಂತ ಬಂತು. ಮುಂದಿನ ಭಾಗ ತೆಗೆದರು. ಜೀವ ಉಳಿಯಿತು. ಮೊದಲೇ ಆ ಬಿಗಿದ ಚರ್ಮ ತೆಗೆಸಿ ಒಳಗೆ ನೋಡಿದ್ದರೆ ಸಣ್ಣದರಲ್ಲೇ ಮುಗಿಯುತ್ತಿತ್ತು, ಇಷ್ಟು ದಿನ ಎಲ್ಲಿದ್ದಿರಿ ಅಂತ ಆ ಡಾಕ್ಟರು ಕೇಳಿದಾಗ ನಮ್ಮ ಮನೆಯವರು ನೆಲ ನೋಡಿದರು. ನಾನು ‘ಮಜ್ಜಿಗಿ ಕುಡ್ಕೊಂತ ಇದ್ವಿರಿ’ ಅಂದೆ.

ಊರಿಗೆ ಬಂದವಳು ನೆಟ್ಟಗೆ ಶಿರಸ್ತೇದಾರರ ಮನೆಗೆ ಹೋದೆ. ಕಟ್ಟೆಯ ಮೇಲೆ ನಾಲ್ಕು ಮಂದಿಯ ನಡುವೆ ಕೂತಿದ್ದರು. ಏನಾಯಿತು, ಎಲ್ಲಿ ಆಯಿತು, ಎಷ್ಟು ತೆಗೆದರು ಅನ್ನುವುದನ್ನು ಹೆಸರಿಟ್ಟೇ ಹೇಳಿದೆ. ಕೂತಿದ್ದವರು ಒಬ್ಬೊಬ್ಬರೇ ಎದ್ದು ಹೋದರು. ಇವರು ಮಾತ್ರ ಟವೆಲ್ಲಿನಿಂದ ಮುಖ ಒರೆಸಿಕೊಂಡು, ದೈವೇಚ್ಛೆ ಅಂದರು. ಹೆಣ್ಣುಮಕ್ಕಳು ಇಂಥ ಮಾತು ಬಯಲಲ್ಲಿ ಆಡಬಾರದವ್ವಾ, ನಿನ್ನ ಗಂಡನ ಮಾನ ನೀನೇ ಕಳೆದೆ ಅಂದರು. ಸಂಜೆಯೊಳಗೆ ಊರೆಲ್ಲ ನಾನು ನಾಚಿಕೆಗೆಟ್ಟವಳು ಅಂತಾಯಿತು. ಮಿಲ್ಲಿನಲ್ಲಿ ನಮ್ಮ ಮನೆಯವರನ್ನು ನೋಡಿ ನಗುವವರು ಹೆಚ್ಚಾದರು. ಊರು ಬಿಟ್ಟು ಬಳ್ಳಾರಿಯ ಕೌಲ್ ಬಜಾರಿಗೆ ಬಂದೆವು. ನಾನು ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಸೇರಿದೆ, ಇವರು ಅಲ್ಲೇ ಪ್ಯಾಕಿಂಗಿಗೆ. ಇಲ್ಲಿ ಯಾರಿಗೆ ಯಾರ ಚಿಂತೆ? ಇವರು ಕೂತು ಉಚ್ಚೆ ಹೊಯ್ಯುವುದು ಯಾರಿಗೂ ಗೊತ್ತಿಲ್ಲ. ನಮ್ಮಿಬ್ಬರ ನಡುವೆ ಮೊದಲಿನಂತೆ ಇಲ್ಲ, ಆದರೆ ಏನೂ ಇಲ್ಲ ಅಂತಲೂ ಇಲ್ಲ. ಅದನ್ನೂ ಆ ಡಾಕ್ಟರೇ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು.

ನಮ್ಮ ಮನೆಯವರ ಗುಣ ಎಂಥದ್ದೆಂದರೆ, ಇಷ್ಟಾದರೂ ಅವರಿಗೆ ಶಿರಸ್ತೇದಾರರ ಮೇಲೆ ಸಿಟ್ಟಿರಲಿಲ್ಲ. ಹಬ್ಬಕ್ಕೆ ಫೋನು ಮಾಡಿ ಆಶೀರ್ವಾದ ಕೇಳುತ್ತಿದ್ದರು. ಅವರಿಗೆ ತಿಳಿದಷ್ಟು ಅವರು ಮಾಡಿದರು, ಬಿಸಿಲಲ್ಲಿ ನನಗಾಗಿ ಅಲೆದರು ಅನ್ನುತ್ತಿದ್ದರು. ಇದೇ ಮಾತಿಗೆ ನಮ್ಮಿಬ್ಬರಲ್ಲಿ ಎಷ್ಟು ಸಲ ಅನ್ನ ತಟ್ಟೆಯಲ್ಲೇ ಆರಿ ಹೋಗಿದೆಯೋ. ನನಗೆ ಒಳಗೊಳಗೆ ಇವರ ಮೇಲೂ ಸಿಟ್ಟಿತ್ತು. ಆ ಕೋಣೆಯಲ್ಲಿ ಇದ್ದವರು ಇವರೇ ಅಲ್ಲವಾ, ಒಂದು ಮಾತು ಆಡಬಹುದಿತ್ತಲ್ಲ ಅಂತ.

ಹೋದ ವರ್ಷ ಒಂದು ಭಾನುವಾರ ಶಿರಸ್ತೇದಾರರು ನಮ್ಮ ಬಾಗಿಲಿಗೆ ಬಂದರು. ಮೊದಲು ಗುರುತು ಹತ್ತಲಿಲ್ಲ. ಅರ್ಧಕ್ಕರ್ಧ ಇಳಿದಿದ್ದರು. ಪಂಚೆಯ ಮುಂಭಾಗದಲ್ಲಿ ಟವೆಲ್ಲು ಹಿಡಿದುಕೊಂಡಿದ್ದರು. ನಮ್ಮ ಮನೆಯವರು ಕಾಲಿಗೆ ಬಿದ್ದರು, ನಾನು ಚಹಾಕ್ಕಿಡಲಿಲ್ಲ. ಇವರು ಹಾಲು ತರಲು ಹೊರಗೆ ಹೋದ ಹೊತ್ತು ನೋಡಿ ನನ್ನ ಹತ್ತಿರ ಮಾತು ತೆಗೆದರು. ಉಚ್ಚೆ ನಿಂತು ನಿಂತು ಬರುತ್ತದಂತೆ, ತೊಟ್ಟು ತೊಟ್ಟಾಗಿ ಬಟ್ಟೆಯಲ್ಲೇ ಆಗುತ್ತದಂತೆ, ಈಗ ರಕ್ತ. ಇದೆಲ್ಲ ಅವರು ಹೇಳಿದ್ದಲ್ಲ. ಅವರು ಹೇಳಿದ್ದು ‘ಆ ಕಡಿ ಸ್ವಲ್ಪ ತೊಂದ್ರಿ’ ಅಂತ ಮಾತ್ರ. ಉಳಿದದ್ದನ್ನು ನಾನು ಒಂದೊಂದಾಗಿ ಕೇಳಿ ಎಳೆದೆ, ಅವರು ತಲೆ ಆಡಿಸಿದರು. ಮಕ್ಕಳಿಗೆ, ಸೊಸೆಯಂದಿರಿಗೆ ಹೇಳಲು ಆಗದಂತೆ. ಎರಡು ಸಲ ಡಾಕ್ಟರ ಹತ್ತಿರ ಹೋಗಿ, ನಿದ್ದೆ ಬರುವುದಿಲ್ಲ ಅಂತ ಹೇಳಿ ನಿದ್ದೆ ಮಾತ್ರೆ ತಂದಿದ್ದರಂತೆ.

‘ನೀ ಬಾರವ್ವಾ ನನ್ನ ಜೋಡಿ. ನೀನಾದ್ರ ಹೇಳ್ತಿ. ನಿನಗ ನಾಚಿಕಿ ಇಲ್ಲ’ ಅಂದರು.

ಬೈದದ್ದಲ್ಲ, ಬೇಡಿಕೊಂಡದ್ದು. ಅದಕ್ಕೇ ಇನ್ನೂ ಸಿಟ್ಟು ಬಂತು. ಆಗುವುದಿಲ್ಲ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಮನೆಯವರು ಹಾಲಿನ ಪಾಕೀಟು ಹಿಡಿದು ಬಂದರು, ವಿಷಯ ತಿಳಿದು, ಹೋಗಿ ಬಾ, ಹಿರಿಯರು ಅಂದರು. ಇವರ ಮುಖ ನೋಡಿ ಒಪ್ಪಿಕೊಂಡೆ. ಶಿರಸ್ತೇದಾರರಿಗಾಗಿ ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ.

ಮರುದಿನ ಯೂನಿಟ್ಟಿಗೆ ರಜೆ ಹಾಕಿ ಗಾಂಧಿನಗರದ ಒಬ್ಬ ಮೂತ್ರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೆಸರು ಕೂಗಿದರು. ಒಳಗೆ ಹೋದೆವು. ರೋಗಿಯ ಕುರ್ಚಿಯನ್ನು ಶಿರಸ್ತೇದಾರರು ನನಗೆ ತೋರಿಸಿದರು. ನೋಡಿ, ಆ ಮನುಷ್ಯನ ಬುದ್ಧಿ! ಬೇನೆ ಅವರದಾದರೂ ಕುರ್ಚಿ ಮಾತಾಡುವವರದು ಅಂತ ಅವರ ಲೆಕ್ಕ. ಡಾಕ್ಟರು ಏನು ತೊಂದರೆ ಅಂತ ಕೇಳಿದರು. ಶಿರಸ್ತೇದಾರರು ನನ್ನ ಮುಖ ನೋಡಿದರು. ನಾನು ಡಾಕ್ಟರ ಮುಖ ನೋಡಿ, ‘ನಾ ಹೊರಗ ಇರ್ತೀನ್ರಿ. ಅವರಿಗೆ ಏನಾಗೇತಿ ಅವರ ಹೇಳ್ತಾರ’ ಅಂದೆ. ತೋಳು ಹಿಡಿದು ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ಯವ್ವಾ ಅಂತ ಸಣ್ಣ ದನಿಯಲ್ಲಿ ಕರೆದರು. ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಖುಷಿಯಾಯಿತಾ ಅಂದರೆ, ಆಯಿತು. ಸುಳ್ಳು ಯಾಕೆ ಹೇಳಲಿ? ಅನುಭವಿಸಲಿ ಅಂತಲೇ ಅನ್ನಿಸಿತು.

ಹೊರಗೆ ಬಂದಾಗ ಅವರ ಕೈಯಲ್ಲಿ ಸ್ಕ್ಯಾನಿಂಗಿನ ಚೀಟಿ ಇತ್ತು. ರಸ್ತೆಯ ಆಚೆ ಎಳನೀರು ಮಾರುವವನ ನೆರಳಿಗೆ ಹೋಗಿ ಕೂತರು. ನಾನು ನಿಂತೇ ಇದ್ದೆ. ಹೇಳಿದಿರಾ ಅಂತ ಕೇಳಿದೆ. ಹೇಳಿದೆ, ಎಲ್ಲ ಹೇಳಿದೆ ಅಂದರು. ಡಾಕ್ಟರು ಬೈಯಲಿಲ್ಲವಂತೆ, ಮುಖ ಸಿಂಡರಿಸಲಿಲ್ಲವಂತೆ, ಕಿವಿ ಕೊಟ್ಟು ಕೇಳಿದರಂತೆ. ಆಪರೇಷನ್ ಬೇಕಾಗಬಹುದು, ನಿಮ್ಮ ಒಪ್ಪಿಗೆ ಏನು ಅಂತ ಕೇಳಿದರಂತೆ. ‘ನನ್ನ ಒಪ್ಪಿಗಿ ಕೇಳಿದ್ರವ್ವಾ’ ಅಂತ ಅದೊಂದನ್ನೇ ಮತ್ತೆ ಮತ್ತೆ ಹೇಳಿದರು. ಆಮೇಲೆ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅತ್ತರು. ನನಗೆ ಕನಿಕರ ಬರಲಿಲ್ಲ. ಎಳನೀರಿನವನು ನೋಡುತ್ತಿದ್ದಾನಲ್ಲ ಅಂತ ಮುಜುಗರವಾಯಿತು.

ಒಮ್ಮೆ ತೆರೆದ ಬಾಯಿ ಮುಚ್ಚಲು ಅವರಿಗೆ ಆಗಲಿಲ್ಲವೋ ಏನೋ. ನಾನು ಕೇಳದೆಯೇ ಹೇಳಿದರು. ನಮ್ಮ ಮನೆಯವರನ್ನು ದೀಪಾವಳಿ ಮುಂದೆ ಎರಡನೇ ಸಲ ಕರೆದುಕೊಂಡು ಹೋದಾಗ ಡಾಕ್ಟರಿಗೆ ಅನುಮಾನ ಬಂದು, ಪಂಚೆ ಬಿಚ್ಚಿಸಿ ನೋಡಿದ್ದರು. ನೋಡಿದ ಮೇಲೆ ಶಿರಸ್ತೇದಾರರು ನಮ್ಮ ಮನೆಯವರನ್ನು ಹೊರಗೆ ಕೂಡಿಸಿ, ತಾವೊಬ್ಬರೇ ಒಳಗೆ ಉಳಿದಿದ್ದರು.

‘ಮುಂದಿನ ಚರ್ಮ ತೆಗಿಸ್ರಿ, ಸಣ್ಣ ಆಪರೇಷನ್, ಅವತ್ತ ಮನಿಗಿ ಹೋಗಬಹುದು ಅಂದ್ರವ್ವಾ ಡಾಕ್ಟರು. ನಾನ ಬ್ಯಾಡ ಅಂದೆ. ಸುಂತಿ ಮಾಡಿಸೋದು ಸಾಬರ ಪದ್ಧತಿ, ನಮ್ಮ ಮಂದ್ಯಾಗ ಅದು ನಡಿಯಂಗಿಲ್ರಿ, ಮುಲಾಮ ಕೊಡ್ರಿ ಅಂದೆ. ನಾಳಿ ಅವ ಸತ್ತಾಗ ಮೈ ತೊಳಿಯೋರು ನೋಡಿದ್ರ ಏನಂತಾರ ಅಂತ ನನಗ ಅನ್ನಿಸ್ತು.’

ಅಲ್ಲಿಯವರೆಗೆ ಶಿರಸ್ತೇದಾರರಿಗೆ ಗೊತ್ತಾಗಲಿಲ್ಲ, ಡಾಕ್ಟರಿಗೆ ಗೊತ್ತಾಗಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ ಅಂತ ತಿಳಿದಿದ್ದೆ. ಗೊತ್ತಾಗಿತ್ತು. ಸರಿಯಾದ ಮಾತು ಸರಿಯಾದ ಹೊತ್ತಿಗೆ ಆ ಕೋಣೆಯಲ್ಲಿ ಬಂದಿತ್ತು. ಈ ಮನುಷ್ಯ ಅದನ್ನು ಅಲ್ಲೇ ಹೂತು, ಅಂಗಳದಲ್ಲಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ಏನಿಲ್ಲವ್ವಾ ಅಂದಿದ್ದರು. ಕೌಲ್ ಬಜಾರಿನಲ್ಲಿ ನಮ್ಮ ಓಣಿಯ ಮುಕ್ಕಾಲು ಪಾಲು ಗಂಡಸರಿಗೆ ಚಿಕ್ಕಂದಿನಲ್ಲೇ ಆಗುವಂಥದ್ದು, ಅದಕ್ಕಿಷ್ಟು ಹೆದರಿಕೆ. ಹೆಣ ತೊಳೆಯುವವರ ಬಾಯಿಗೆ ಹೆದರಿ ಬದುಕಿದ್ದವನ ದೇಹ ಕತ್ತರಿಸಿದರು.

ಬಯ್ಯಬೇಕು ಅಂದುಕೊಂಡೆ. ಇಪ್ಪತ್ತು ಮಾತು ಬಾಯಿಗೆ ಬಂದವು, ಒಂದೂ ಸಾಕೆನಿಸಲಿಲ್ಲ. ಆಟೊ ನಿಲ್ಲಿಸಿ ಹತ್ತಿಸಿ ಬಸ್‌ಸ್ಟ್ಯಾಂಡಿಗೆ ಕರೆತಂದೆ. ಕುರುಗೋಡಿನ ಬಸ್ಸು ನಿಂತಿತ್ತು. ಹತ್ತುವ ಮುಂಚೆ ನನ್ನ ಕಡೆ ತಿರುಗಿ, ಅವನಿಗೆ ಹೇಳಬೇಡವ್ವಾ, ಅವನ ಕಣ್ಣಲ್ಲಿ ನಾನು ಹಂಗೇ ಇರಲಿ ಅಂದರು. ಬಸ್ಸು ಹೊರಡುವವರೆಗೂ ನಾನು ಕಾಯಲಿಲ್ಲ. ಆಮೇಲೆ ಅವರಿಗೆ ಆಪರೇಷನ್ ಆಯಿತು, ಮಕ್ಕಳೇ ಮಾಡಿಸಿದರು, ಕೆಲವು ತಿಂಗಳು ಇದ್ದರು. ನಾನು ನೋಡಲು ಹೋಗಲಿಲ್ಲ.

ಮನೆಗೆ ಬಂದಾಗ ನಮ್ಮ ಮನೆಯವರು ಅನ್ನಕ್ಕಿಟ್ಟು ಕಾಯುತ್ತಿದ್ದರು. ದೊಡ್ಡಪ್ಪಗೆ ಏನಂದರು, ಹೆದರಿಕೆಯಿಲ್ಲ ತಾನೇ ಅಂತ ಕೇಳಿದರು. ಚಪ್ಪಲಿ ಸಹ ಬಿಡದೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಹೇಳುತ್ತಿದ್ದಂತೆ ನನಗೇ ಅಳು ಬಂತು. ಅವರು ಅಳಲಿಲ್ಲ. ಗ್ಯಾಸ್ ಆರಿಸಿದರು.

‘ನಾ ಅಲ್ಲೇ ಬಾಗಿಲಾಚಿ ಬೆಂಚಿನ ಮ್ಯಾಲ ಕುಂತಿದ್ದೆ’ ಅಂದರು. ‘ಬಾಗಿಲಾ ಸೈತ ಪೂರ್ತಿ ಹಾಕಿದ್ದಿಲ್ಲ. ನನ್ನ ಕರದು ಒಂದು ಮಾತು ಕೇಳಿದ್ರ, ಹೂಂ ಅಂತಿದ್ನಲ್ಲ ನಾನು.’